ಉಬುಂಟು ಹಾಕಿದ ಮೇಲೆ ಲ್ಯಾಪ್‌ಟಾಪ್ ಯಾಕೆ ಕಾಯುತ್ತೆ?

ವಿಂಡೋಸ್ ಜೊತೆಗೆ ಉಬುಂಟು ಹಾಕಿಕೊಂಡವರೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕಳಿಸುತ್ತಿದ್ದೀರಿ. ವಿಂಡೋಸಿನಲ್ಲಿ ತಣ್ಣಗಿರುವ ಲ್ಯಾಪ್‌ಟಾಪ್, ಉಬುಂಟುವಿನಲ್ಲಿ ಏನೂ ಕೆಲಸ ಮಾಡದಿದ್ದರೂ ಕಾಯುತ್ತದೆ, ಫ್ಯಾನು ನಿಲ್ಲುವುದೇ ಇಲ್ಲ. ಯಾಕೆ?

ಎರಡು ವ್ಯವಸ್ಥೆ ಇದ್ದರೆ ಎರಡರಷ್ಟು ಬಿಸಿ ಎಂಬ ಮಾತನ್ನು ಮೊದಲು ಬಿಟ್ಟುಬಿಡಿ. ಹಾಗೆಂದು ಹೆದರಿಸಿ ಉಬುಂಟು ಅಳಿಸಿಕೊಡುವವರಿದ್ದಾರೆ, ಕೇಳಿದರೆ ಸಿಟ್ಟು ಬರುತ್ತದೆ. ಡ್ಯುಯಲ್ ಬೂಟ್‌ನಲ್ಲಿ ಒಂದು ಹೊತ್ತಿಗೆ ಓಡುವುದು ಒಂದೇ. ಇನ್ನೊಂದು ಡಿಸ್ಕಿನಲ್ಲಿ ಸುಮ್ಮನೆ ಬಿದ್ದಿರುವ ಫೈಲುಗಳು, ಅಷ್ಟೆ. ಒಂದರೊಳಗೆ ಇನ್ನೊಂದನ್ನು ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದಲ್ಲಿ ಓಡಿಸಿದರೆ ಮಾತ್ರ ಎರಡೂ ಒಟ್ಟಿಗೆ ದುಡಿಯುತ್ತವೆ.

ಗೆಜ್ಜಲಗೆರೆಯಿಂದ ಮಂಡ್ಯದ ಕಾಲೇಜಿಗೆ ಓಡಾಡುವ ಹುಡುಗನೊಬ್ಬ ಲ್ಯಾಪ್‌ಟಾಪ್ ತಂದಿದ್ದ. ತೆರೆಯ ಮೇಲೆ ಒಂದು ಖಾಲಿ ಪುಟ ಬಿಟ್ಟರೆ ಏನಿಲ್ಲ. ಕೀಲಿಮಣೆಯ ಎಡಮೂಲೆ ಮುಟ್ಟಿದರೆ ಬೆರಳು ನಿಲ್ಲುತ್ತಿರಲಿಲ್ಲ. ಚಾರ್ಜರ್ ಕಿತ್ತು, ವಿದ್ಯುತ್ ಬಳಕೆ ತೋರಿಸುವ ಪವರ್‌ಟಾಪ್ ಎಂಬ ತಂತ್ರಾಂಶ ಓಡಿಸಿದೆವು. ಸುಮ್ಮನೆ ಕೂತ ಯಂತ್ರ ಇಪ್ಪತ್ತು ವಾಟಿನ ಮೇಲೆ ತಿನ್ನುತ್ತಿತ್ತು.

ಕಾರಣ ಇದು: ಇಂಥ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚಿಪ್ಪು ಎರಡು. ಪ್ರೊಸೆಸರಿನ ಒಳಗೇ ಇರುವ ಚಿಕ್ಕದು ದಿನದ ಕೆಲಸಕ್ಕೆ ಸಾಕು. ಇನ್ನೊಂದು ದೊಡ್ಡದು, ಆಟಕ್ಕೆ, ವಿಡಿಯೋ ಕೆಲಸಕ್ಕೆ. ಬೇಡವಾದಾಗ ದೊಡ್ಡದನ್ನು ತಾನೇ ಮಲಗಿಸುವ ಆಪ್ಟಿಮಸ್ ಎಂಬ ಏರ್ಪಾಡನ್ನು ಎನ್‌ವಿಡಿಯಾ 2010ರಲ್ಲಿ ತಂದಿತು. ಅದು ವಿಂಡೋಸಿಗೆ. ಉಬುಂಟುವಿನಂಥ ಲಿನಕ್ಸ್ ಬಳಸುವವರು ತಾವೇ ಬಂಬಲ್‌ಬೀ ಎಂಬ ತಂತ್ರಾಂಶ ಕಟ್ಟಿಕೊಳ್ಳಬೇಕಾಯಿತು. ಲಿನಕ್ಸ್ ಕಟ್ಟಿದ ಲಿನಸ್ ಟೋರ್ವಾಲ್ಡ್ಸ್ 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲೇ ಆ ಕಂಪನಿಯನ್ನು ಬೈದರು, ಸಭಿಕರೊಬ್ಬರು ಇದೇ ಪಾಡು ಹೇಳಿಕೊಂಡಾಗ. ಈಗ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಆದರೂ ಹಳೆಯ ಚಿಪ್ಪಿದ್ದರೆ, ಅಥವಾ ಸರಿಯಾದ ಡ್ರೈವರ್ ಕೂರದಿದ್ದರೆ, ದೊಡ್ಡ ಚಿಪ್ಪು ಎಚ್ಚರವಾಗಿಯೇ ಉಳಿಯುತ್ತದೆ. ಗದ್ದೆ ತುಂಬಿದ ಮೇಲೂ ಆರಿಸದೆ ಬಿಟ್ಟ ಪಂಪ್‌ಸೆಟ್ಟಿನ ಹಾಗೆ. ಮತ್ತೆ ಹೇಳುತ್ತೇನೆ: ಉಬುಂಟು ಬಿಸಿ ಮಾಡುತ್ತಿಲ್ಲ. ಆರಿಸಬೇಕಾದ ಚಿಪ್ಪು ಆರಿಲ್ಲ. ಕೆಲಸವಿಲ್ಲದಿದ್ದರೂ ಅದಕ್ಕೆ ಕರೆಂಟು ಹೋಗುತ್ತಿದೆ, ಹೋದ ಕರೆಂಟೆಲ್ಲ ಬಿಸಿಯಾಗಿ ಹೊರಬರುತ್ತಿದೆ.

ಆರಿಸುವುದು ಸುಲಭ. ಎನ್‌ವಿಡಿಯಾ ಕಂಪನಿಯ ಡ್ರೈವರ್ ಹಾಕಿ, ಟರ್ಮಿನಲ್ಲಿನಲ್ಲಿ ಸುಡೋ ಪ್ರೈಮ್-ಸೆಲೆಕ್ಟ್ ಇಂಟೆಲ್ ಎಂದು ಕೊಟ್ಟು, ಯಂತ್ರವನ್ನು ಮರಳಿ ಆರಂಭಿಸಿ. ಒಂದು ತೊಡಕಿದೆ. ಕೆಲವು ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಕಿಂಡಿ ದೊಡ್ಡ ಚಿಪ್ಪಿಗೇ ಸೇರಿರುತ್ತದೆ. ಸೆಮಿನಾರ್ ದಿನ ಪ್ರೊಜೆಕ್ಟರ್ ಬರಲಿಲ್ಲ ಎಂದು ಗಾಬರಿಯಾಗಬೇಡಿ, ಹಿಂದಿನ ರಾತ್ರಿಯೇ ಸುಡೋ ಪ್ರೈಮ್-ಸೆಲೆಕ್ಟ್ ಎನ್‌ವಿಡಿಯಾ ಎಂದು ಬದಲಿಸಿ, ಯಂತ್ರವನ್ನು ಮರಳಿ ಆರಂಭಿಸಿಕೊಳ್ಳಿ.

ಸಮಯ ಕಡಿಮೆಯಿದೆ, ಉಳಿದದ್ದು ಬೇಗ ಹೇಳುತ್ತೇನೆ. ಪ್ರೊಸೆಸರು ನೂರು ಡಿಗ್ರಿಯ ಹತ್ತಿರ ಬಂದರೆ ತಾನೇ ನಿಧಾನವಾಗುತ್ತದೆ, ತಕ್ಷಣ ಸುಟ್ಟುಹೋಗುವುದಿಲ್ಲ. ಆದರೆ ಸದಾ ಕಾದರೆ ಬ್ಯಾಟರಿ ಬೇಗ ಸೊರಗುತ್ತದೆ. ತಣ್ಣಗಾಗಲೆಂದು ಫ್ರಿಜ್ಜಿನಲ್ಲಿಡುವವರಿದ್ದಾರೆ. ಖಂಡಿತ ಬೇಡ, ಹೊರಗೆ ತೆಗೆದಾಗ ಒಳಗೆಲ್ಲ ನೀರು ಕಟ್ಟುತ್ತದೆ. ಮುಚ್ಚಳ ಮುಚ್ಚಿದೊಡನೆ ಬ್ಯಾಗಿಗೆ ತುರುಕಬೇಡಿ. ದೀಪ ಮಿನುಗಿ, ಫ್ಯಾನು ನಿಂತು, ಯಂತ್ರ ನಿಜಕ್ಕೂ ಮಲಗಿದೆಯೇ ನೋಡಿ. ಬಸ್ಸು ಹತ್ತುವ ಆತುರವಿದ್ದರೆ ಪೂರ್ತಿ ಆಫ್ ಮಾಡಿಬಿಡಿ.

ಇನ್ನು ಧೂಳು. ನಮ್ಮ ಕಡೆ ಹೆದ್ದಾರಿಯ ಧೂಳಿನ ಜೊತೆಗೆ ಆಲೆಮನೆಯ ಬೂದಿಯೂ ಇದೆ. ಫ್ಯಾನಿಗೂ ಬಿಸಿ ಹೊರಹಾಕುವ ತಾಮ್ರದ ರೆಕ್ಕೆಗಳಿಗೂ ನಡುವೆ ಅದು ಕಂಬಳಿಯಂತೆ ಹೆಣೆದುಕೊಂಡಿರುತ್ತದೆ. ಅಂಗಡಿಯಲ್ಲಿ ಗಾಳಿ ಹೊಡೆಸುವಾಗ ಫ್ಯಾನು ಗಿರ್ರನೆ ತಿರುಗದಂತೆ ಒಂದು ಕಡ್ಡಿ ಅಡ್ಡ ಹಿಡಿಯಲು ಹೇಳಿ.