ಬಾಡಿಗೆ ಚಕ್ಕಡಿ



ಮನೆಗೆ ಹೋದ ಮೇಲೆ ಮಾಳಿಗೆ ಮೇಲಿನ ಡಿಶ್ ಛತ್ರಿ ಒಮ್ಮೆ ನೋಡ್ರಿ. ಡಿಡಿ ಫ್ರೀ ಡಿಶ್ ಆದರೆ ಅದರ ಮುಖ ಆಗ್ನೇಯಕ್ಕೆ. ಅದು ವಾಸ್ತು ಅಲ್ರಿ! ಆ ದಿಕ್ಕಿಗೆ ಸಮಭಾಜಕದ ಮೇಲೆ, 35,786 ಕಿ.ಮೀ. ಎತ್ತರದಲ್ಲಿ ಜಿಸ್ಯಾಟ್-15 ಇದೆ. ಅದು ಭೂಮಿಯ ಜೊತೆಗೇ ಸುತ್ತುತ್ತದೆ, ನಮಗೆ ಮಾತ್ರ ನಿಂತಂತೆ. ಬೆಂಗಳೂರಿನ ಇಸ್ರೋ ಕೇಂದ್ರ ಕಟ್ಟಿದ ಉಪಗ್ರಹ. 2015ರ ನವೆಂಬರಿನಲ್ಲಿ ಒಯ್ದದ್ದು ಯುರೋಪಿನ ಏರಿಯಾನ್-5, ಬಾಡಿಗೆ ರಾಕೆಟ್. ತೂಕ 3,164 ಕೆ.ಜಿ.; ಆಗ ನಮ್ಮ ಜಿಎಸ್‌ಎಲ್‌ವಿ ಎತ್ತುತ್ತಿದ್ದುದು ಎರಡು ಟನ್ನಿನ ಆಸುಪಾಸು.

ಮನೆಯಲ್ಲಿ ಚಕ್ಕಡಿ ಇದ್ದರೂ ಉಳ್ಳಾಗಡ್ಡಿ ಬೆಂಗಳೂರಿಗೆ ಕಳಿಸಲು ಲಾರಿಗೇ ಹೇಳುತ್ತೀರಲ್ಲ? ಅದರಲ್ಲಿ ಮಾನ ಹೋಗುವಂಥದ್ದೇನೂ ಇಲ್ಲ. ಏರಿಯಾನ್-5 2023ರ ಜುಲೈಗೆ ನಿಂತಿತು, ಹಳೆಯ ಲಾರಿ ಮಾಲೀಕ ಧಂದೆ ಬಿಟ್ಟ ಹಾಗೆ. ನಮ್ಮ ಎಲ್‌ವಿಎಂ-3 ರಾಕೆಟ್ಟಿನ ಅಳತೆ ಸುಮಾರು ನಾಲ್ಕು ಟನ್. ಆದರೆ ನಮ್ಮ ಜಿಸ್ಯಾಟ್-ಎನ್2 ಉಪಗ್ರಹ 4,700 ಕೆ.ಜಿ. ಅದಕ್ಕೇ 2024ರ ನವೆಂಬರ್ 19ರಂದು ಫ್ಲಾರಿಡಾದಿಂದ ಸ್ಪೇಸ್‌ಎಕ್ಸ್‌ನ ಫಾಲ್ಕನ್-9 ಹತ್ತಿಸಿದರು. ರಾಕೆಟ್ ಬಿಟ್ಟು ಹೋದ ಮೇಲೆ ಹಗ್ಗ ಹಿಡಿದದ್ದು ನಮ್ಮ ಹಾಸನದ ನಿಯಂತ್ರಣ ಕೇಂದ್ರ. ಮರುವರ್ಷ 4,410 ಕೆ.ಜಿ.ಯ ಸಿಎಂಎಸ್-03 ಉಪಗ್ರಹ ಎಲ್‌ವಿಎಂ-3ರಲ್ಲೇ ಶ್ರೀಹರಿಕೋಟಾದಿಂದ ಏರಿತು, ಆದರೆ ತುಸು ಕೆಳಗಿನ ಕಕ್ಷೆಗೆ. ಅಗಸಿತನಕ ಬಿಟ್ಟು, ಮುಂದೆ ನಡಕೊಂಡು ಹೋಗಪಾ ಅಂದಂತೆ.

ಇನ್ನು ನಿಜವಾದ ಚಕ್ಕಡಿಯ ಮಾತು. ಹಲಗೆಯ ಮೇಲೆ ಉಪಗ್ರಹ, ಮುಂದೆ ಎರಡು ಎತ್ತು: ಆ ಫೋಟೊ ನೀವೂ ನೋಡಿರುತ್ತೀರಿ. ಅದು ಆ್ಯಪಲ್, 670 ಕೆ.ಜಿ.ಯ ನಮ್ಮ ಮೊದಲ ಸಂಪರ್ಕ ಉಪಗ್ರಹ. 'ಪಾಪ, ಬಡ ದೇಶ' ಅಂದವರು ಬಹಳ. ನನಗೆ ಆ ಮಾತು ಕೇಳಿದಾಗೆಲ್ಲ ನಗು ಬರುತ್ತದೆ. ಆ್ಯಂಟೆನಾ ಪರೀಕ್ಷೆ ಮಾಡಬೇಕಿತ್ತು. ಕಬ್ಬಿಣದ ಲಾರಿಯಾದರೆ ರೇಡಿಯೊ ಅಲೆ ಅದಕ್ಕೆ ಬಡಿದು ಹಿಂದಿರುಗಿ ಲೆಕ್ಕ ಕೆಡುತ್ತದೆ. ಕಟ್ಟಿಗೆಗೆ ಆ ಕಾಟವಿಲ್ಲ. ಬಯಲಿಗೆ ಚಕ್ಕಡಿ ಹೂಡಿದರು. ಯಾರಿಗೆ ಹೊಳೆಯಿತೋ, ಜಾಣ!

ಆ ಆ್ಯಪಲ್ ಉಪಗ್ರಹವನ್ನು 1981ರ ಜೂನ್ 19ರಂದು ಏರಿಯಾನ್‌ನ ಮೂರನೇ ಪರೀಕ್ಷಾ ಹಾರಾಟದಲ್ಲಿ ಕಳಿಸಿದರು. ಹಿಂದಿನ ವರ್ಷ ಎರಡನೆಯದು ಬಿದ್ದಿತ್ತು, ಆದರೂ ಪುಕ್ಕಟೆ ಸವಾರಿಯನ್ನು ಬಿಡಲಿಲ್ಲ. ಮೇಲೆ ಹೋದ ಮೇಲೆ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಒಂಟೆತ್ತಿನ ಗಾಡಿಯಾಗಿಯೇ ಎರಡು ವರ್ಷದ ಮೇಲೂ ದುಡಿಯಿತು.