ಹಳೆಯ ಹೆಸರಿನ ಆಟಗಳು, ಹೊಸ ಆಟಗಳ ಪಾಡು



ಬ್ಯಾಂಕಿನ ಗುಮಾಸ್ತ ಕೆಲಸದಿಂದ ನಿವೃತ್ತನಾದವನು ರೇಡಿಯೋದಲ್ಲಿ ಮಾತನಾಡುತ್ತಾನೆ ಎಂದರೆ ಠೇವಣಿ, ಬಡ್ಡಿ, ಬೆಳೆಸಾಲ ಇಂಥ ವಿಷಯ ಇರಬಹುದು ಎಂದು ನೀವು ಎಣಿಸಿರುತ್ತೀರಿ. ಇವತ್ತು ನಾನು ಹೇಳಹೊರಟಿರುವುದು ವಿಡಿಯೋ ಗೇಮುಗಳ ಬಗ್ಗೆ. ನಗಬೇಡಿ. ಕಾಸರಗೋಡಿನ ನಮ್ಮ ಹಳ್ಳಿಗಳಲ್ಲಿ ಈಗ ಮೊಬೈಲು ಇಲ್ಲದ ಮನೆ ಅಪರೂಪ, ಅದನ್ನು ಹಿಡಿದು ಆಡದ ಮಕ್ಕಳು ಇನ್ನೂ ಅಪರೂಪ. ಶಾಲೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು, ಮನೆಯಲ್ಲಿ ಮತ್ತೊಂದು ಆಡಿ ಬೆಳೆಯುವ ನಮ್ಮ ಮಕ್ಕಳಿಗೆ ಈ ಆಟಗಳೂ ಒಂದು ಭಾಷೆಯಂತೆ ಆಗಿವೆ. ಹಿರಿಯರಾದ ನಾವು "ಎಷ್ಟು ಹೊತ್ತು ಆಡುತ್ತೀ?" ಎಂದು ಗದರಿಸುತ್ತೇವೆಯೇ ಹೊರತು "ಏನು ಆಡುತ್ತೀ?" ಎಂದು ಕೇಳುವುದು ಕಡಿಮೆ. ಆ ಎರಡನೆಯ ಪ್ರಶ್ನೆಯನ್ನು ಹಿಡಿದು ನಾಲ್ಕು ಮಾತು ಹೇಳುತ್ತೇನೆ.

ಒಂದು ಆಟ ಚೆನ್ನಾಗಿ ಮಾರಾಟವಾದರೆ ಅದೇ ಹೆಸರಿನಲ್ಲಿ ಎರಡನೆಯದು, ಮೂರನೆಯದು, ಹತ್ತನೆಯದು ಬರುವುದು ಈ ಉದ್ಯಮದ ಪದ್ಧತಿ. ಅಲ್ಲಿಯವರು ಇದನ್ನು ಫ್ರಾಂಚೈಸ್ ಎನ್ನುತ್ತಾರೆ, ನಾನು ಸರಣಿ ಎನ್ನುತ್ತೇನೆ. ಜಪಾನಿನ ಮಾರಿಯೋ ಎಂಬ ಮೀಸೆಯ ಮನುಷ್ಯ ಮೊದಲು ಕಾಣಿಸಿಕೊಂಡದ್ದು 1981ರಲ್ಲಿ. ಫೈನಲ್ ಫ್ಯಾಂಟಸಿ ಶುರುವಾದದ್ದು 1987ರಲ್ಲಿ, ಪೋಕೆಮಾನ್ 1996ರಲ್ಲಿ. ಅಮೆರಿಕದ ಯುದ್ಧದ ಆಟ ಕಾಲ್ ಆಫ್ ಡ್ಯೂಟಿ 2003ರಲ್ಲಿ ಬಂತು. 2005ರಿಂದ ಈಚೆಗೆ ಪ್ರತಿ ವರ್ಷವೂ ಅದರದ್ದೊಂದು ಹೊಸ ಕಂತು ಬಂದಿದೆ. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಇವೇ ಹೆಸರುಗಳು ಅಂಗಡಿಯ ಕಪಾಟನ್ನು ತುಂಬಿಕೊಂಡರೆ ಹೊಸ ಕಲ್ಪನೆಗೆ ಎಲ್ಲಿ ಜಾಗ ಎಂಬುದು ಹಲವರ ದೂರು. ಈ ದೂರು ಎಷ್ಟರ ಮಟ್ಟಿಗೆ ನಿಜ?

ಮೊದಲು ದೂರಿನ ಪಕ್ಷವನ್ನೇ ಕೇಳೋಣ. ಬ್ಯಾಂಕಿಗೆ ಸಾಲದ ಅರ್ಜಿ ಹಿಡಿದು ಇಬ್ಬರು ಬಂದರು ಎಂದಿಟ್ಟುಕೊಳ್ಳಿ. ಒಬ್ಬರು ಇಪ್ಪತ್ತು ವರ್ಷದಿಂದ ಅಂಗಡಿ ನಡೆಸಿದವರು, ಒಂದು ಕಂತೂ ತಪ್ಪಿಸಿದವರಲ್ಲ. ಇನ್ನೊಬ್ಬ ಹುಡುಗ, ತಲೆಯಲ್ಲಿ ಒಳ್ಳೆಯ ಯೋಚನೆ ಇದೆ, ಕೈಯಲ್ಲಿ ಜಾಮೀನು ಇಲ್ಲ. ಯಾರ ಸಾಲ ಬೇಗ ಮಂಜೂರಾಗುತ್ತದೆ ಎಂದು ನಿಮಗೆ ಗೊತ್ತು. ಮ್ಯಾನೇಜರು ಕೆಟ್ಟವರೆಂದಲ್ಲ. ಕೊಡುವ ಹಣ ಠೇವಣಿದಾರರದ್ದು, ನಾಳೆ ಲೆಕ್ಕ ಕೇಳಿದರೆ ಉತ್ತರ ಕೊಡಬೇಕಾದವರು ಅವರು. ಗೇಮಿನ ಕಂಪನಿಗಳಲ್ಲಿಯೂ ನಡೆಯುವುದು ಇದೇ ಲೆಕ್ಕಾಚಾರ. ಮೊತ್ತ ಮಾತ್ರ ದೊಡ್ಡದು. ಕಾಲ್ ಆಫ್ ಡ್ಯೂಟಿಯ 2020ರ ಕಂತಿಗೆ 70 ಕೋಟಿ ಡಾಲರು ಖರ್ಚಾಗಿತ್ತೆಂದು ಆಮೇಲೆ ಅಮೆರಿಕದ ನ್ಯಾಯಾಲಯಕ್ಕೆ ಸಲ್ಲಿಸಿದ ಕಾಗದಗಳಿಂದ ತಿಳಿದುಬಂತು. ಅಷ್ಟು ಹಣ ಹೂಡುವಾಗ, ಯಾರೂ ಕೇಳದ ಹೆಸರಿಗೆ ಹೂಡೋಣ ಎಂದು ಹೇಳುವ ಧೈರ್ಯ ಯಾರಿಗೆ ಬಂದೀತು?

ಇದರಿಂದ ಆಗುವ ನಷ್ಟವನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ 1990ರಲ್ಲಿ ರೇವನ್ ಸಾಫ್ಟ್‌ವೇರ್ ಎಂಬ ಸಂಸ್ಥೆ ಶುರುವಾಯಿತು. 1994ರಲ್ಲಿ ಹೆರೆಟಿಕ್, 1995ರಲ್ಲಿ ಹೆಕ್ಸೆನ್ ಎಂಬ ಮಾಟಮಂತ್ರದ ಆಟಗಳನ್ನು ಮಾಡಿ ಹೆಸರು ಗಳಿಸಿದವರು. 2010ರಲ್ಲಿ ಸಿಂಗ್ಯುಲಾರಿಟಿ ಎಂಬ ಹೊಸ ಕಥೆಯ ಆಟವನ್ನೂ ಹೊರತಂದರು. ಅದು ಎಣಿಸಿದಷ್ಟು ಮಾರಾಟವಾಗಲಿಲ್ಲ. ಅಲ್ಲಿಂದ ಮುಂದೆ ಅವರನ್ನು ಕಾಲ್ ಆಫ್ ಡ್ಯೂಟಿಯ ಕೆಲಸಕ್ಕೆ ಹಚ್ಚಲಾಯಿತು. ಮಕ್ಕಳ ಆಟ ಮಾಡುತ್ತಿದ್ದ ಟಾಯ್ಸ್ ಫಾರ್ ಬಾಬ್ ಎಂಬ ಸಂಸ್ಥೆಯನ್ನೂ 2021ರಲ್ಲಿ ಅದೇ ನೊಗಕ್ಕೆ ಕಟ್ಟಿದರು. ಅವರು 2024ರಲ್ಲಿ ಹೊರಬಂದು ಸ್ವತಂತ್ರರಾದರು. ಹೀಗೆ ಹಳೆಯ ಆಟ ಹೊಸ ಆಟವನ್ನು ನೇರವಾಗಿ ಸೋಲಿಸುವ ಮೊದಲೇ, ಹೊಸತನ್ನು ಮಾಡಬಲ್ಲ ಕೈಗಳನ್ನು ತನ್ನ ಕೆಲಸಕ್ಕೆ ಎಳೆದುಕೊಂಡಿರುತ್ತದೆ.

ನಮ್ಮ ಕಡೆ ನಡೆದದ್ದನ್ನೇ ನೆನೆಸಿಕೊಳ್ಳಿ. ಅಡಿಕೆಗೆ ಬೆಲೆ ಬಂತೆಂದು ಬಯಲಿನ ಗದ್ದೆಗೂ ಅಡಿಕೆ ಸಸಿ ಇಟ್ಟೆವು. ಅಡಿಕೆಯ ತಪ್ಪು ಏನೂ ಇಲ್ಲ, ಅದು ಎಷ್ಟೋ ಮನೆಗಳ ಮಕ್ಕಳನ್ನು ಓದಿಸಿದೆ. ಆದರೆ ಗದ್ದೆ ಹೋದ ಊರಿನಲ್ಲಿ ಹತ್ತು ಹದಿನೈದು ವರ್ಷ ಕಳೆದ ಮೇಲೆ, ಬೇಕೆಂದರೂ ನೇಜಿ ನೆಡಬಲ್ಲವರು ಸಿಗುವುದಿಲ್ಲ. ಬೆಳೆಯ ಜೊತೆಗೆ ಕೈಯ ಅಭ್ಯಾಸವೂ ಹೋಗುತ್ತದೆ.

ಇಷ್ಟು ಕೇಳಿ, ಹಾಗಾದರೆ ಹಳೆಯ ಹೆಸರುಗಳೇ ಹೊಸತಿಗೆ ಶತ್ರು ಎಂದು ತೀರ್ಮಾನಿಸಿಬಿಡಬಹುದೇ? ಯಕ್ಷಗಾನದ ನಾಡಿನವರಾದ ನಾವು ಅದನ್ನು ಒಪ್ಪುವುದು ಕಷ್ಟ. ವಾಲಿ ಸಾಯುತ್ತಾನೆ, ಕರ್ಣನ ರಥದ ಗಾಲಿ ಹೂಳುತ್ತದೆ ಎಂಬುದು ಚಿಕ್ಕ ಮಗುವಿಗೂ ಗೊತ್ತು. ಆದರೂ ತಾಳಮದ್ದಳೆಗೆ ಹೋಗಿ ಕುಳಿತುಕೊಳ್ಳುತ್ತೇವೆ. ಒಳ್ಳೆಯ ಅರ್ಥಧಾರಿಯ ಬಾಯಲ್ಲಿ ವಾಲಿ ಆ ರಾತ್ರಿ ರಾಮನಿಗೆ ಹಾಕುವ ಸವಾಲು ಹಿಂದಿನ ರಾತ್ರಿಯದ್ದಲ್ಲ. ಪ್ರಸಂಗ ಹಳೆಯದು, ಮಾತು ಹೊಸದು. ಕಥೆ ಎಲ್ಲರಿಗೂ ಗೊತ್ತಿರುವುದರಿಂದಲೇ ಹೊಸ ಮಾತಿನ ರುಚಿಯೂ ಎಲ್ಲರಿಗೂ ಹತ್ತುತ್ತದೆ.

ಆಟಗಳ ಲೋಕದಲ್ಲಿಯೂ ಇಂಥವು ಉಂಟು. ಫೈನಲ್ ಫ್ಯಾಂಟಸಿಯ ಹದಿನಾರನೆಯ ಕಂತು 2023ರಲ್ಲಿ ಬಂತು. ಆದರೆ ಸಾಮಾನ್ಯವಾಗಿ ಅದರ ಪ್ರತಿಯೊಂದು ಸಂಖ್ಯೆಗೂ ಬೇರೆ ಲೋಕ, ಬೇರೆ ಪಾತ್ರಗಳು, ಬೇರೆ ಕಥೆ. ನಮ್ಮ ಪತ್ರಿಕೆಗಳ ದೀಪಾವಳಿ ವಿಶೇಷಾಂಕದ ಹಾಗೆ. ಹೊದಿಕೆಯ ಮೇಲಿನ ಹೆಸರು ಒಂದೇ, ಒಳಗಿನ ಸಾಮಗ್ರಿ ಪ್ರತಿ ಸಲ ಬೇರೆ. ಇನ್ನು ಕೆಲವು ಸಲ ಹಳೆಯ ಸರಣಿಯ ಹೊಟ್ಟೆಯಲ್ಲಿಯೇ ಹೊಸ ಆಟ ಹುಟ್ಟಿದೆ. ಜಪಾನಿನ ಕ್ಯಾಪ್ಕಾಮ್ ಕಂಪನಿಯಲ್ಲಿ ರೆಸಿಡೆಂಟ್ ಈವಿಲ್ ಎಂಬ ಹೆದರಿಸುವ ಆಟದ ನಾಲ್ಕನೆಯ ಕಂತು ಮಾಡಹೊರಟಾಗ, ಅದು ದಾರಿ ಬಿಟ್ಟು ಬೇರೆಯೇ ಆಯಿತು. ಅದನ್ನು ಕಸದ ಬುಟ್ಟಿಗೆ ಎಸೆಯದೆ 2001ರಲ್ಲಿ ಡೆವಿಲ್ ಮೇ ಕ್ರೈ ಎಂಬ ಬೇರೆ ಹೆಸರಿನಲ್ಲಿ ಹೊರತಂದರು. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿಯ ಅಸ್ಸಾಸಿನ್ಸ್ ಕ್ರೀಡ್ ಕೂಡ ಮೊದಲು ಪ್ರಿನ್ಸ್ ಆಫ್ ಪರ್ಷಿಯಾ ಎಂಬ ಹಳೆಯ ಸರಣಿಯ ಕಂತಾಗಿಯೇ ಶುರುವಾದದ್ದು.

ಆ ಅಸ್ಸಾಸಿನ್ಸ್ ಕ್ರೀಡ್ ಆಮೇಲೆ ಏನಾಯಿತೆಂದು ಕೇಳಿ. 2007ರಲ್ಲಿ ಹೊಸತಾಗಿ ಬಂದದ್ದು, 2009ರಿಂದ 2015ರವರೆಗೆ ವರ್ಷಕ್ಕೊಂದರಂತೆ ಬಂತು. 2014ರ ಕಂತಿನಲ್ಲಿ ದೋಷಗಳು ಎಷ್ಟಿದ್ದವೆಂದರೆ, ಪಾತ್ರಗಳ ಮುಖವೇ ಮಾಯವಾಗಿ ಬರೀ ಕಣ್ಣು, ಹಲ್ಲು ಕಾಣಿಸುತ್ತಿದ್ದ ಚಿತ್ರಗಳು ಲೋಕವೆಲ್ಲ ಹರಡಿ ನಗೆಪಾಟಲಾಯಿತು. 2016ರಲ್ಲಿ ಕಂಪನಿ ದೊಡ್ಡ ಕಂತು ತರದೆ ಬಿಟ್ಟಿತು. 2017ರಲ್ಲಿ ಈಜಿಪ್ಟಿನ ಕಥೆಯೊಂದಿಗೆ ಬಂದಾಗ ಆಟದ ರೀತಿಯೇ ಬದಲಾಗಿತ್ತು, ಜನ ಮೆಚ್ಚಿದರು. ವರ್ಷ ಬಿಡದೆ ಉತ್ತ ನೆಲವನ್ನು ಒಂದು ಬೆಳೆ ಹಡಿಲು ಬಿಟ್ಟ ಹಾಗೆ. ಹಡಿಲು ಬಿಡದವರ ಕಥೆಯೂ ಇದೆ. ಗಿಟಾರ್ ಹೀರೋ ಎಂಬ ಸಂಗೀತದ ಆಟ 2005ರಲ್ಲಿ ಬಂದು ಮನೆಮಾತಾಯಿತು. ಒಂದೇ ವರ್ಷದಲ್ಲಿ ಹಲವು ಕಂತುಗಳನ್ನು ಹೊರತಂದು ಹಿಂಡಿದರು. 2011ರಲ್ಲಿ ಆ ವ್ಯವಹಾರವನ್ನೇ ಮುಚ್ಚಿದರು.

ಈಗ ನಿಮಗೆ ಹತ್ತಿರವಾಗುವ ಒಂದು ಕಥೆ ಹೇಳುತ್ತೇನೆ, ಬೇಸಾಯದ ಆಟದ್ದು. ಜಪಾನಿನ ಮಿಯಾಜಾಕಿ ಎಂಬ ಹಳ್ಳಿಗಾಡಿನ ಸೀಮೆಯಿಂದ ಟೋಕಿಯೋಕ್ಕೆ ಕೆಲಸಕ್ಕೆ ಬಂದ ಯಾಸುಹಿರೋ ವಾಡಾ ಎಂಬವರಿಗೆ, ಊರು ಬಿಟ್ಟ ಮೇಲೆ ಊರಿನ ಬೆಲೆ ತಿಳಿಯಿತು. ಹೊಡೆದಾಟವೇ ಇಲ್ಲದ ಆಟವೊಂದನ್ನು ಅವರು ಮಾಡಿದರು. ಪಾಳುಬಿದ್ದ ಹೊಲವನ್ನು ಹಸನು ಮಾಡು, ಬೀಜ ಬಿತ್ತು, ನೀರು ಹಾಕು, ದನ ಕೋಳಿ ಸಾಕು, ಊರವರೊಂದಿಗೆ ಮಾತನಾಡು, ಹಬ್ಬಕ್ಕೆ ಹೋಗು. ಇಷ್ಟೇ ಆಟ. 1996ರಲ್ಲಿ ಅದು ಬಂದಾಗ ಹಾಗೂ ಒಂದು ಆಟ ಇರಬಹುದೇ ಎಂದು ಜನ ಬೆರಗಾದರು. ಅಮೆರಿಕದಲ್ಲಿ ಅದಕ್ಕೆ ಹಾರ್ವೆಸ್ಟ್ ಮೂನ್ ಎಂದು ಹೆಸರಾಯಿತು. ಮತ್ತೆ ಎಂದಿನಂತೆ ಎರಡು, ಮೂರು, ಹತ್ತು ಕಂತುಗಳು.

ಅಮೆರಿಕದ ಸಿಯಾಟಲ್ ನಗರದ ಕಡೆಯ ಎರಿಕ್ ಬರೋನ್ ಎಂಬವರು ಹುಡುಗನಾಗಿದ್ದಾಗ ಇದನ್ನು ಆಡಿ ಬೆಳೆದವರು. 1999ರ ಕಂತಿನ ನಂತರ ಸರಣಿಯ ಸತ್ವ ಕುಂದಿತೆಂದು ಅವರಿಗೆ ಅನಿಸಿತು. ದೂರುತ್ತ ಕೂರಲಿಲ್ಲ, ತಾನೇ ಒಂದನ್ನು ಮಾಡಹೊರಟರು. ಗಣಕದ ಬರವಣಿಗೆ, ಚಿತ್ರ, ಸಂಗೀತ, ಮಾತು ಎಲ್ಲವೂ ಒಬ್ಬರದೇ. ಸುಮಾರು ನಾಲ್ಕೂವರೆ ವರ್ಷದ ದುಡಿಮೆ. 2016ರ ಫೆಬ್ರವರಿಯಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಎಂಬ ಹೆಸರಿನಲ್ಲಿ ಅದು ಬಂತು. 2024ರ ಕೊನೆಗೆ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು.

ಇದರ ನಡುವೆ ಹಳೆಯ ಸರಣಿಯ ಮನೆಯಲ್ಲಿ ಪಾಲು ಆಗಿತ್ತು. ಆಟ ಮಾಡುವ ಜಪಾನಿನ ಕಂಪನಿಯೇ ಬೇರೆ, ಹಾರ್ವೆಸ್ಟ್ ಮೂನ್ ಎಂಬ ಹೆಸರಿನ ಹಕ್ಕು ಹೊಂದಿದ್ದ ಪ್ರಕಾಶಕರೇ ಬೇರೆ. 2014ರಲ್ಲಿ ಇಬ್ಬರೂ ದೂರವಾದರು. ಮೂಲ ಆಟದ ಮುಂದಿನ ಕಂತುಗಳು ಸ್ಟೋರಿ ಆಫ್ ಸೀಸನ್ಸ್ ಎಂಬ ಹೊಸ ಹೆಸರಿನಲ್ಲಿ ಅಮೆರಿಕಕ್ಕೆ ಬಂದವು. ಹಳೆಯ ಹೆಸರು ಉಳಿಸಿಕೊಂಡವರು ಆ ಹೆಸರಿನಲ್ಲಿ ಬೇರೆಯೇ ಆಟಗಳನ್ನು ಮಾಡತೊಡಗಿದರು. ಹೆಸರು ಒಬ್ಬರ ಕೈಯಲ್ಲಿ, ಕಸುಬು ಇನ್ನೊಬ್ಬರ ಕೈಯಲ್ಲಿ, ಮೂಲದ ಜೀವ ಮೂರನೆಯವನ ಮನೆಯಲ್ಲಿ! ಬೋರ್ಡು ನೋಡಿ ಸಾಮಾನು ಕೊಳ್ಳುವವರು ಈ ಕಥೆಯನ್ನು ನೆನಪಿಡಬೇಕು.

ಈ ಕಥೆ ಎರಡೂ ಪಕ್ಷಕ್ಕೆ ಸಾಕ್ಷಿ ಹೇಳುತ್ತದೆ. ಸರಣಿ ಸೊರಗಿತು ನಿಜ. ಆದರೆ ಅದೇ ಸರಣಿ ಇಲ್ಲದಿದ್ದರೆ ಬರೋನರ ಆಟವೂ ಇರುತ್ತಿರಲಿಲ್ಲ. ಇನ್ನೊಂದು ಇತ್ತೀಚಿನದ್ದು: ಯೂಬಿಸಾಫ್ಟಿನಿಂದ ಹೊರಬಂದ ಗಿಯೋಮ್ ಬ್ರೋಶ್ ಎಂಬವರು ಫ್ರಾನ್ಸಿನ ಮೋಂಪೆಲಿಯೇ ನಗರದಲ್ಲಿ ಸುಮಾರು ಮೂವತ್ತು ಜನರ ತಂಡ ಕಟ್ಟಿ, ಹಳೆಯ ಫೈನಲ್ ಫ್ಯಾಂಟಸಿಯ ಪ್ರೀತಿಯಿಂದ ಹೊಸ ಕಥೆಯ ಆಟವೊಂದನ್ನು 2025ರಲ್ಲಿ ತಂದರು. ಅದರ ಹೆಸರು ಕ್ಲೇರ್ ಆಬ್ಸ್ಕ್ಯೂರ್. ಆ ವರ್ಷದ ಕೊನೆಯಲ್ಲಿ ಅಮೆರಿಕದ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ ವರ್ಷದ ಅತ್ಯುತ್ತಮ ಆಟವೆಂಬ ಪ್ರಶಸ್ತಿಯೂ ಅದಕ್ಕೆ ಬಂತು.

"ಹಾಗಾದರೆ ಚಿಂತೆ ಏಕೆ? ಶಕ್ತಿ ಇದ್ದವರು ಹೇಗೂ ಮೇಲೆ ಬರುತ್ತಾರಲ್ಲ" ಎಂದು ನೀವು ಕೇಳಬಹುದು. ಇಲ್ಲಿಯೇ ನನ್ನ ಗುಮಾಸ್ತನ ಬುದ್ಧಿ ಅಡ್ಡ ಬರುತ್ತದೆ. ಬರೋನರು ಆ ನಾಲ್ಕೂವರೆ ವರ್ಷ ನಾಟಕಶಾಲೆಯಲ್ಲಿ ಜನರಿಗೆ ಸೀಟು ತೋರಿಸುವ ಸಣ್ಣ ಕೆಲಸ ಮಾಡಿದರು. ಜೊತೆಗಾತಿಯ ದುಡಿಮೆಯ ಆಸರೆಯೂ ಇತ್ತು. ಅಂಥ ಆಸರೆ ಇಲ್ಲದ ಎಷ್ಟು ಬರೋನರು ಅರ್ಧದಲ್ಲಿ ಕೈಬಿಟ್ಟಿರಬಹುದು? ಬ್ಯಾಂಕಿನಲ್ಲಿ ಸಾಲ ಪಡೆದು ಕಟ್ಟಿದವರಿಗೆ ಲೆಡ್ಜರು ಉಂಟು, ಕಟ್ಟದವರಿಗೂ ಲೆಡ್ಜರು ಉಂಟು. ಬಾಗಿಲ ತನಕ ಬಂದು, ಜಾಮೀನು ಇಲ್ಲವೆಂದು ಹಿಂದಿರುಗಿದವರ ಹೆಸರು ಯಾವ ಲೆಡ್ಜರಿನಲ್ಲಿಯೂ ಇಲ್ಲ. ಹುಟ್ಟದೆ ಹೋದ ಆಟಗಳ ಲೆಕ್ಕವೂ ಹಾಗೆಯೇ. ಗೆದ್ದ ಒಬ್ಬರನ್ನು ತೋರಿಸಿ ಎಲ್ಲ ಸರಿಯಿದೆ ಎನ್ನುವುದು ಸರಿಯಾದ ಲೆಕ್ಕವಲ್ಲ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಹೆಸರು ಹಳೆಯದಾದ ಮಾತ್ರಕ್ಕೆ ಹೊಸತನ ಸಾಯುವುದಿಲ್ಲ. ಆ ಹೆಸರು ಗಳಿಸಿದ ಹಣವೆಲ್ಲ, ಆ ಮನೆಯ ಕೈಗಳೆಲ್ಲ, ಮತ್ತೆ ಅದೇ ಹೆಸರಿಗೆ ಸುರಿದಾಗ ಸಾಯುತ್ತದೆ. ಬೆಳೆದ ಭತ್ತವನ್ನೆಲ್ಲ ಕುಟ್ಟಿ ಅಕ್ಕಿ ಮಾಡುವ ರೈತನಿಲ್ಲ, ಬೀಜದ ಮುಡಿಯನ್ನು ಕಟ್ಟಿ ಬೇರೆ ಇಡುತ್ತಾನೆ. ಮಾರಿಯೋನ ಕಂಪನಿ ನಿಂಟೆಂಡೋ ತನ್ನ ಕಿರಿಯ ಕೆಲಸಗಾರರಿಗೆ ಅವಕಾಶ ಕೊಟ್ಟು, ಬಣ್ಣದ ಶಾಯಿ ಎರಚಾಡುವ ಸ್ಪ್ಲಾಟೂನ್ ಎಂಬ ಹೊಚ್ಚಹೊಸ ಆಟವನ್ನು 2015ರಲ್ಲಿ ತಂದಿತು. ಅದು ಇಂದು ತಾನೇ ಒಂದು ಸರಣಿ. ಹಳೆಯ ಹೆಸರಿನ ಗಳಿಕೆ ಹೊಸ ಹೆಸರಿಗೆ ಬೀಜವಾಗಬಹುದು ಎಂಬುದಕ್ಕೆ ಇದು ಸಾಕು.

ಇದರಲ್ಲಿ ನಮ್ಮ ಪಾಲು ಏನು? ಕಂಪನಿಗಳು ಗಮನಿಸುವುದು ಜನ ಏನು ಕೊಳ್ಳುತ್ತಾರೆ ಎಂಬುದನ್ನು. ಮುಂದಿನ ಸಲ ಮಗನೋ ಮೊಮ್ಮಗಳೋ ಹಳೆಯ ಹೆಸರಿನ ಹೊಸ ಕಂತು ಬೇಕೆಂದು ಹಟ ಮಾಡಿದರೆ, "ಹೋದ ಸಲದ್ದಕ್ಕಿಂತ ಇದರಲ್ಲಿ ಹೊಸತು ಏನಿದೆ ಮಗಾ?" ಎಂದು ಕೇಳಿ ನೋಡಿ. ಉತ್ತರ ಕೊಡಲು ಅದಕ್ಕೆ ತುಸು ಯೋಚಿಸಬೇಕಾಗುತ್ತದೆ. ಆ ಯೋಚನೆಯೇ ಲಾಭ. ಇನ್ನೊಂದು ಮಾತು. ನಮ್ಮ ಹಳ್ಳಿಗಳಿಂದ ಮಂಗಳೂರಿಗೆ, ಕೊಚ್ಚಿಗೆ, ಬೆಂಗಳೂರಿಗೆ ಕಂಪ್ಯೂಟರು ಕಲಿಯಲು ಹೋದ ಮಕ್ಕಳಿದ್ದಾರೆ. ಅವರಲ್ಲಿ ಯಾರಾದರೂ ರಜೆಗೆ ಬಂದಾಗ, ತಾನೇ ಮಾಡಿದ ಅಂಕುಡೊಂಕು ಚಿತ್ರದ ಆಟವೊಂದನ್ನು ನಿಮ್ಮ ಮುಂದೆ ಹಿಡಿದರೆ, "ಇದು ಆ ಪ್ರಸಿದ್ಧ ಆಟದ ಹಾಗೆ ಇಲ್ಲವಲ್ಲ" ಎಂದು ಹೇಳಿಬಿಡಬೇಡಿ. ಒಂದು ಹತ್ತು ನಿಮಿಷ ಕುಳಿತು ಆಡಿ. ಜಾಮೀನು ಕೇಳದೆ ನಾವು ಕೊಡಬಹುದಾದ ಸಾಲ ಅಷ್ಟೇ.