ಮೊದಲನೆಯವಳ ಕಥೆ ಯಾರು ಕೇಳಬೇಕು?

(ಸ್ವಸಹಾಯ ಸಂಘಗಳ ಸದಸ್ಯೆಯರ ತಾಲೂಕು ಮಟ್ಟದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ನಾನು ಒಂದು ಪ್ರೇಮ ಕಾದಂಬರಿಯಿಂದ ಮಾತು ಶುರು ಮಾಡುತ್ತೇನೆ. ಈ ವಯಸ್ಸಿನಲ್ಲಿ ಮೇಡಂಗೆ ಇದೇನು ಬಂತು ಎಂದು ನಗಬೇಡಿ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿ ನಿವೃತ್ತಳಾದವಳು. ಕಥೆ ಓದಿ ಮುಗಿಸಿ ಮರೆತೆವು ಎಂದು ನಾವು ತಿಳಿಯುತ್ತೇವೆ. ಆದರೆ ಬದುಕಿನಲ್ಲಿ ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಕೇಳದೆ ಬಿಡಬೇಕು ಎಂಬುದನ್ನು ಕಥೆಗಳು ನಮಗೇ ಗೊತ್ತಾಗದ ಹಾಗೆ ಕಲಿಸಿಬಿಡುತ್ತವೆ. ಅದಕ್ಕೇ ಈ ಮಾತು.

ನನ್ನ ತಂಗಿಯ ಮೊಮ್ಮಗಳು ಡಿಗ್ರಿ ಓದುತ್ತಿದ್ದಾಳೆ. ರಜೆಗೆ ಬಂದಾಗ ಒಂದು ದಪ್ಪ ಪುಸ್ತಕ ಕೈಗಿಟ್ಟು, "ಓದಿ ನೋಡು ಅಜ್ಜಿ. ಇದರಲ್ಲಿ ಹೀರೋ ಒಬ್ಬನೇ ಮಗು ಸಾಕ್ತಾನೆ. ನೀನು ಹೇಳ್ತಿರ್ತೀಯಲ್ಲ, ಅಂಥ ಗಂಡಸು" ಎಂದಳು. ‘ಕಾಟ್ ಅಪ್’ ಎಂದು ಅದರ ಹೆಸರು. ಲಿಜ್ ಟಾಮ್‌ಫೋರ್ಡ್ ಎಂಬಾಕೆ ಬರೆದದ್ದು, 2023ರಲ್ಲಿ ಬಂದದ್ದು. ಒಂಟಿ ತಂದೆಯನ್ನು ಹುಡುಗಿ ಪ್ರೀತಿಸುವ ಕಥೆಗಳು ಇಂಗ್ಲಿಷಿನಲ್ಲಿ ಈಗ ರಾಶಿ ರಾಶಿ ಬರುತ್ತಿವೆಯಂತೆ, ನಮ್ಮ ಹುಡುಗಿಯರು ಅವನ್ನು ಬಹಳ ಓದುತ್ತಾರಂತೆ. ಆಸೆಯಿಂದಲೇ ಓದಲು ಕೂತೆ. ಮುಗಿಸಿದಾಗ ನಿರಾಸೆಯಾಯಿತು.

ಕಥೆ ಇಷ್ಟು. ಅಮೆರಿಕದ ಶಿಕಾಗೋ ನಗರ. ಕೈ ರೋಡ್ಸ್ ಎಂಬ ಬೇಸ್‌ಬಾಲ್ ಆಟಗಾರ. ನಮ್ಮ ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ, ಚೆಂಡು ಎಸೆಯುವವನು. ಅವನಿಗೆ ಮ್ಯಾಕ್ಸ್ ಎಂಬ ಪುಟ್ಟ ಗಂಡು ಮಗು. ಮಗುವಿನ ತಾಯಿ ಬಂದು, ಇದು ನಿನ್ನ ಮಗು, ನನಗೆ ತಾಯಿಯಾಗಿರಲು ಇಷ್ಟವಿಲ್ಲ ಎಂದು ಒಪ್ಪಿಸಿ ಹೋಗಿಬಿಟ್ಟಿದ್ದಾಳೆ. ಇವನಿಗೆ ಯಾವ ಆಯಾಳೂ ಸರಿಹೋಗುವುದಿಲ್ಲ, ಒಬ್ಬೊಬ್ಬರನ್ನೇ ಬಿಡಿಸುತ್ತಾನೆ. ಕೊನೆಗೆ ತಂಡದ ಕೋಚ್ ತನ್ನ ಮಗಳು ಮಿಲ್ಲರ್‌ಳನ್ನೇ ಬೇಸಿಗೆಯ ಮಟ್ಟಿಗೆ ಮಗು ನೋಡಿಕೊಳ್ಳಲು ನೇಮಿಸುತ್ತಾನೆ. ಅವಳು ಸಿಹಿ ತಿಂಡಿ ಮಾಡುವುದರಲ್ಲಿ ಹೆಸರು ಮಾಡಿದವಳು, ದೊಡ್ಡ ಹೋಟೆಲುಗಳಲ್ಲಿ ಬೇಡಿಕೆ ಇರುವವಳು. ಮಗುವಿನ ಮೇಲೆ ಪ್ರೀತಿ ಹುಟ್ಟುತ್ತದೆ, ಆಮೇಲೆ ಮಗುವಿನ ಅಪ್ಪನ ಮೇಲೆ. ಮುಂದಿನದು ನೀವೇ ಊಹಿಸಬಹುದು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಕಥೆಯಲ್ಲಿ ನನಗೆ ಹಿಡಿಸಿದ ಗಂಡಸು ನಾಯಕನಲ್ಲ, ಆ ಕೋಚ್. ಮಿಲ್ಲರ್ ಅವನಿಗೆ ಹುಟ್ಟಿದ ಮಗಳಲ್ಲ. ಅವಳ ತಾಯಿ ತೀರಿಹೋದಾಗ ಪುಟ್ಟ ಹುಡುಗಿಯನ್ನು ದತ್ತು ತೆಗೆದುಕೊಂಡು, ತನ್ನ ಆಟದ ಬದುಕನ್ನೇ ಬಿಟ್ಟು ಬೆಳೆಸಿದವನು. ಇದನ್ನೇ ಹಿಡಿದು ಬರೆದಿದ್ದರೆ ಒಳ್ಳೆಯ ಕಾದಂಬರಿ ಆಗುತ್ತಿತ್ತು. ಆದರೆ ಅವನು ಹಿನ್ನೆಲೆಯಲ್ಲೇ ಉಳಿಯುತ್ತಾನೆ.

ನನ್ನ ಮೊದಲ ತಕರಾರು ಹೊಗಳಿಕೆಯದು. ನಾಯಕ ಮಗುವಿಗೆ ಉಣಿಸಿದರೆ ಅದು ದೊಡ್ಡ ಸಂಗತಿ, ಎತ್ತಿಕೊಂಡು ಮಲಗಿಸಿದರೆ ನಾಯಕಿಯ ಎದೆ ಕರಗುತ್ತದೆ. ಇಲ್ಲಿ ಕೂತಿರುವ ನಿಮ್ಮಲ್ಲಿ ಎಷ್ಟು ಜನ ಒಬ್ಬರೇ ಮಕ್ಕಳನ್ನು ಸಾಕಿದ್ದೀರಿ? ಗಂಡ ಸತ್ತವರಿದ್ದೀರಿ, ಗಂಡ ಬಿಟ್ಟವರಿದ್ದೀರಿ, ಇದ್ದೂ ಇಲ್ಲದ ಹಾಗಿರುವವರಿದ್ದೀರಿ. ನಿಮ್ಮನ್ನು ನೋಡಿ ಯಾರ ಎದೆಯಾದರೂ ಕರಗಿತೇ? ಗಂಡಸು ಮಗುವಿನ ಮೂಗು ಒರೆಸಿದರೆ ಕಾದಂಬರಿ, ಹೆಂಗಸು ಒರೆಸಿದರೆ ಅದು ಮನೆಗೆಲಸ.

ಎರಡನೆಯ ತಕರಾರು ದುಡಿಮೆಯದು. ಸಂಬಳಕ್ಕೆ ಮಗು ನೋಡಿಕೊಳ್ಳಲು ಬಂದವಳು ಪ್ರೀತಿಗೆ ಬಿದ್ದ ಮೇಲೆ ಅದೇ ಕೆಲಸವನ್ನು ಪ್ರೀತಿಯ ಹೆಸರಿನಲ್ಲಿ ಮಾಡುತ್ತಾಳೆ. ಕೆಲಸ ಯಾವುದು, ಪ್ರೀತಿ ಯಾವುದು ಎಂಬ ಗೆರೆ ಅಳಿಸಿಹೋಗುತ್ತದೆ.

ಮೂರನೆಯದೇ ದೊಡ್ಡ ತಕರಾರು. ಆ ಮಗುವಿನ ತಾಯಿ ಎಲ್ಲಿ? ಕಥೆ ಹೇಳುವವರು ಇಬ್ಬರೇ, ಅವನು ಮತ್ತು ಇವಳು. ಹೆತ್ತವಳಿಗೆ ಮಾತೇ ಇಲ್ಲ. ಈ ಬಗೆಯ ಕಾದಂಬರಿಗಳಲ್ಲಿ ಮೊದಲನೆಯವಳು ಒಂದೋ ಸತ್ತಿರುತ್ತಾಳೆ, ಇಲ್ಲವೇ ಮಗು ಬಿಟ್ಟುಹೋದ ಕೆಟ್ಟವಳಾಗಿರುತ್ತಾಳೆ. ಹೇಗೆ ಸತ್ತಳು, ಯಾಕೆ ಹೋದಳು ಎಂಬುದು ಬೇಕಿಲ್ಲ. ಜಾಗ ಖಾಲಿಯಾದರೆ ಸಾಕು. ನಮ್ಮ ಗೋವಿನ ಹಾಡನ್ನು ನೆನೆಯಿರಿ. ಹುಲಿಯ ಬಾಯಿಗೆ ಹೋಗಲಿರುವ ಪುಣ್ಯಕೋಟಿಗೆ ಆ ಹಾಡಿನಲ್ಲಿ ಮಾತಿದೆ. ತನ್ನ ಕರುವನ್ನು ತಬ್ಬಲಿ ಎಂದು ದೂರ ಮಾಡಬೇಡಿ ಎಂದು ಅವಳು ಉಳಿದ ಹಸುಗಳನ್ನು ಬೇಡಿಕೊಳ್ಳುತ್ತಾಳೆ. ನಮ್ಮ ಅನಕ್ಷರಸ್ಥ ತಾಯಂದಿರು ಹಾಡಿಕೊಂಡು ಬಂದ ಹಾಡಿಗೆ ಇದ್ದ ವಿವೇಕ ಈ ದಪ್ಪ ಪುಸ್ತಕಕ್ಕೆ ಇಲ್ಲ.

ಇಂಗ್ಲಿಷಿನವರಿಗೂ ಇದು ಗೊತ್ತಿರಲಿಲ್ಲವೆಂದಲ್ಲ. 1847ರಲ್ಲಿ ಶಾರ್ಲಟ್ ಬ್ರಾಂಟೆ ‘ಜೇನ್ ಏರ್’ ಎಂಬ ಕಾದಂಬರಿ ಬರೆದಳು. ನಾನು ಎಷ್ಟೋ ವರ್ಷ ಪಾಠ ಮಾಡಿದ ಪುಸ್ತಕ. ಜೇನ್ ಎಂಬ ಅನಾಥ ಹುಡುಗಿ ರೋಚೆಸ್ಟರ್ ಎಂಬ ಶ್ರೀಮಂತನ ಮನೆಗೆ ಅವನ ಆಶ್ರಯದಲ್ಲಿರುವ ಪುಟ್ಟ ಹುಡುಗಿಗೆ ಪಾಠ ಹೇಳಲು ಬರುತ್ತಾಳೆ. ಸಂಬಳ ವರ್ಷಕ್ಕೆ 30 ಪೌಂಡು. ಯಜಮಾನನ ಮೇಲೆ ಪ್ರೀತಿ ಹುಟ್ಟುತ್ತದೆ, ಮದುವೆ ನಿಶ್ಚಯವಾಗುತ್ತದೆ. ಚರ್ಚಿನಲ್ಲಿ ಮದುವೆ ನಡೆಯುತ್ತಿರುವಾಗ ವಕೀಲನೊಬ್ಬ ಎದ್ದು ನಿಂತು, ಈ ಮದುವೆ ಆಗಕೂಡದು, ಇವನ ಹೆಂಡತಿ ಬದುಕಿದ್ದಾಳೆ ಎನ್ನುತ್ತಾನೆ. ನೋಡಿದರೆ ಅದೇ ಮನೆಯ ಮೂರನೇ ಅಂತಸ್ತಿನಲ್ಲಿ, ಹುಚ್ಚಿ ಎಂದು ಕೂಡಿಹಾಕಿದ ಮೊದಲ ಹೆಂಡತಿ ಬರ್ತಾ!

ಆಕೆಯನ್ನು ಅವನು ಯಾಕೆ ಮದುವೆಯಾಗಿದ್ದ ಗೊತ್ತೇ? ವರದಕ್ಷಿಣೆಗಾಗಿ. ಆಸ್ತಿಯೆಲ್ಲ ಹಿರಿಯ ಮಗನಿಗೆ ಹೋಗಬೇಕು, ಕಿರಿಯವನಿಗೂ ದುಡ್ಡು ಬೇಕು. ಅದಕ್ಕೆ ತಂದೆ ಜಮೈಕಾ ದ್ವೀಪದ ಸಿರಿವಂತರ ಮನೆಯ ಹೆಣ್ಣು ನೋಡಿದ. ಅವಳೊಡನೆ ಬಂದದ್ದು 30,000 ಪೌಂಡು. ಅಂದಿನ ಇಂಗ್ಲೆಂಡಿನ ಕಾನೂನಿನಲ್ಲಿ ಹೆಂಡತಿ ತಂದ ಹಣ ಗಂಡನದಾಗುತ್ತಿತ್ತು. 1870 ಮತ್ತು 1882ರ ಕಾಯಿದೆಗಳು ಬರುವವರೆಗೆ ಅಲ್ಲಿನ ಹೆಂಗಸರಿಗೂ ತಮ್ಮ ದುಡ್ಡಿನ ಮೇಲೆ ಸರಿಯಾದ ಹಕ್ಕಿರಲಿಲ್ಲ. ಹಣ ಇವನದಾಯಿತು, ಹೆಂಡತಿ ಅಟ್ಟ ಸೇರಿದಳು. ಕೊನೆಗೆ ಆ ಮನೆಗೆ ಬೆಂಕಿ ಬಿದ್ದಾಗ ಮಾಳಿಗೆಯಿಂದ ಹಾರಿ ಸತ್ತಳು. ಬೆಂಕಿ ಹಚ್ಚಿದವಳೂ ಅವಳೇ ಎಂದು ಕಥೆ ಹೇಳುತ್ತದೆ. ಎಲ್ಲೋ ಕೇಳಿದ ಹಾಗಿದೆಯಲ್ಲವೇ? ನಮ್ಮ ಪತ್ರಿಕೆಗಳಲ್ಲಿ ‘ಸ್ಟೋವ್ ಸಿಡಿದು ಗೃಹಿಣಿ ಸಾವು’ ಎಂದು ನಾವು ವರ್ಷಗಟ್ಟಲೆ ಓದಿದ್ದೇವೆ.

ಬರ್ತಾಗೂ ಅಲ್ಲಿ ಮಾತಿರಲಿಲ್ಲ. ಆದರೆ ಅವಳಿದ್ದಾಳೆ ಎಂದು ಗೊತ್ತಾದ ಕ್ಷಣ ಜೇನ್ ಮನೆ ಬಿಟ್ಟು ನಡೆದಳು. 1966ರಲ್ಲಿ ವೆಸ್ಟ್ ಇಂಡೀಸ್ ಮೂಲದ ಜೀನ್ ರೀಸ್ ಎಂಬ ಲೇಖಕಿ ‘ವೈಡ್ ಸಾರ್ಗಾಸೋ ಸೀ’ ಎಂಬ ಕಾದಂಬರಿ ಬರೆದು, ಆ ಮೊದಲನೆಯವಳ ಬಾಯಿಂದಲೇ ಅವಳ ಕಥೆ ಹೇಳಿಸಿದಳು. ಅಟ್ಟದ ಬಾಗಿಲು ತೆರೆಯಲು ನೂರಿಪ್ಪತ್ತು ವರ್ಷ ಹಿಡಿಯಿತು. 2023ರ ಪುಸ್ತಕ ಆ ಬಾಗಿಲನ್ನು ಮತ್ತೆ ಮುಚ್ಚಿತಲ್ಲ ಎಂಬುದೇ ನನ್ನ ನಿರಾಸೆ.

ಇಷ್ಟೆಲ್ಲ ಹೇಳುವ ನಾನು ಏನು ಮಾಡಿದೆ, ಅದನ್ನೂ ಹೇಳಬೇಕು. ಇಲ್ಲದಿದ್ದರೆ ಈ ಮಾತಿಗೆ ಬೆಲೆಯಿಲ್ಲ.

ಸುಮಾರು ಇಪ್ಪತ್ತು ವರ್ಷದ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಮನೆಗೆ ಬಂದರು. ಗಂಡ ಇಲ್ಲ, ಮೂವರು ಹೆಣ್ಣು ಮಕ್ಕಳು. ದೊಡ್ಡವಳಿಗೆ ಎರಡನೇ ಸಂಬಂಧ ಬಂದಿತ್ತು. ಹುಡುಗನಿಗೆ ಸ್ವಂತ ಅಂಗಡಿ, ಸ್ವಂತ ಮನೆ, ನಾಲ್ಕು ವರ್ಷದ ಹೆಣ್ಣು ಮಗು. "ಮೊದಲನೆಯವಳು ತೀರಿಕೊಂಡಿದ್ದಾಳಂತೆ. ಒಂದು ಪೈಸೆ ಬೇಡ, ಮಗು ನೋಡಿಕೊಂಡರೆ ಸಾಕು ಅಂತಾರೆ. ಏನು ಮಾಡಲಿ ಮೇಡಂ?" ಎಂದರು. ನಾನು, "ಒಳ್ಳೆಯದೇ ಆಯಿತಲ್ಲಮ್ಮ. ವರದಕ್ಷಿಣೆ ಕೇಳದ ಗಂಡು. ಪಾಪ, ಮಗುವಿಗೂ ತಾಯಿ ಸಿಗುತ್ತಾಳೆ" ಎಂದೆ. ಆ ವರ್ಷವೂ ತರಗತಿಯಲ್ಲಿ ‘ಜೇನ್ ಏರ್’ ಪಾಠ ಮಾಡುತ್ತಿದ್ದೆ. ಅಟ್ಟದ ಮೇಲಿರುವವಳು ಯಾರು ಎಂದು ಮಕ್ಕಳನ್ನು ಕೇಳುತ್ತಿದ್ದವಳು, ತೀರಿಕೊಂಡದ್ದು ಹೇಗೆ ಎಂದು ಆ ತಾಯಿಯನ್ನು ಕೇಳಲಿಲ್ಲ.

ಏಳೆಂಟು ತಿಂಗಳ ಮೇಲೆ ಆ ಹುಡುಗಿ ಬಂದಳು, ಸೊರಗಿದ್ದಳು. ಆ ಮನೆಯಲ್ಲಿ ಮೊದಲ ಹೆಂಡತಿಯ ಒಂದು ಫೋಟೋ ಕೂಡ ಇರಲಿಲ್ಲವಂತೆ. ಒಲೆ ಹಚ್ಚಿದರೆ ಮಗು ಅಡುಗೆ ಮನೆಯಿಂದ ಓಡಿಹೋಗುತ್ತಿತ್ತಂತೆ. ಕೊನೆಗೆ ನಲ್ಲಿಯ ಹತ್ತಿರ ಪಕ್ಕದ ಮನೆಯಾಕೆ ಹೇಳಿದರು. ಮದುವೆಯಾದ ಐದನೇ ವರ್ಷ ಸುಟ್ಟ ಗಾಯದಿಂದ ಸತ್ತಳು, ಕೇಸು ನಡೆಯುತ್ತಿದೆ, ಇವನು ಜಾಮೀನಿನ ಮೇಲೆ ಹೊರಗಿದ್ದಾನೆ ಎಂದು. ಪೈಸೆ ಬೇಡ ಎಂದವರು ಆಗಲೇ ತಾಯಿಯ ಮನೆ ಮಾರಿಸಿ ಪಾಲು ತಾ ಎನ್ನಲು ಶುರು ಮಾಡಿದ್ದರು. ಕೈಯೂ ಎತ್ತಿದ್ದ. ಎಲ್ಲ ಹೇಳಿ ಮುಗಿಸಿ ಅವಳು, "ಮೇಡಂ, ನೀವೂ ಕೇಳಲಿಲ್ಲವಲ್ಲ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಅವಳು ಆ ಮನೆಗೆ ಮತ್ತೆ ಹೋಗಲಿಲ್ಲ. ಆದರೆ ಒಂದು ಕೆಲಸ ಮಾಡಿದಳು. ಆ ಮೊದಲನೆಯವಳ ತಂದೆತಾಯಿಯ ಊರು ಹುಡುಕಿಕೊಂಡು ಹೋಗಿ, ಮೊಮ್ಮಗಳು ಹೇಗಿದ್ದಾಳೆ ಎಂದು ಹೇಳಿ ಬಂದಳು. ಅವರು ಕೋರ್ಟಿಗೆ ಹೋಗಿ ಮಗುವನ್ನು ಪಡೆದರು. ಸಾವಿನ ಕೇಸು ಸಾಕ್ಷಿಗಳಿಲ್ಲದೆ ಬಿದ್ದುಹೋಯಿತು. ಈಗ ಆಕೆ ಹೊಲಿಗೆ ಅಂಗಡಿ ಇಟ್ಟುಕೊಂಡು, ನಿಮ್ಮಂಥದೇ ಒಂದು ಸಂಘದಲ್ಲಿದ್ದಾಳೆ. ಆ ಮಗು ದೊಡ್ಡವಳಾಗಿ ಇವಳನ್ನು ನೋಡಲು ಬರುತ್ತದೆ. ಮಲತಾಯಿ ಎಂದರೆ ಹೀಗೂ ಇರುತ್ತಾಳೆ. ಸರ್ಕಾರ ಅನ್ಯಾಯ ಮಾಡಿದರೂ ಪತ್ರಿಕೆಗಳು ‘ಮಲತಾಯಿ ಧೋರಣೆ’ ಎಂದು ಬರೆಯುತ್ತವೆ. ಹೆಣ್ಣಿನ ತಲೆಗೆ ಕಟ್ಟಿದ ಈ ಮಾತನ್ನು ನಾವಾದರೂ ಬಿಡೋಣ.

ಹೆಂಡತಿ ಸತ್ತವರೆಲ್ಲ ಕೊಲೆಗಾರರು ಎಂದು ನಾನು ಹೇಳುತ್ತಿಲ್ಲ. ಕಾಯಿಲೆಯಿಂದ, ಹೆರಿಗೆಯಲ್ಲಿ ಹೆಂಡತಿಯನ್ನು ಕಳೆದುಕೊಂಡು ಮಕ್ಕಳನ್ನು ಎದೆಗೊತ್ತಿ ಸಾಕುವ ಗಂಡಸರು ಇದ್ದಾರೆ. ಅಂಥವರು ಪ್ರಶ್ನೆಗೆ ಹೆದರುವುದಿಲ್ಲ, ಸತ್ತವಳ ಹೆಸರು ಹೇಳುತ್ತಾರೆ, ಅವಳ ತವರಿಗೆ ಕರೆದುಕೊಂಡು ಹೋಗುತ್ತಾರೆ.

ನಿಮ್ಮ ಸಂಘದ ಪದ್ಧತಿಯನ್ನೇ ನೋಡಿ. ಹತ್ತು ಸಾವಿರ ಸಾಲ ಕೇಳಿದರೆ ಏನು ಮಾಡುತ್ತೀರಿ? ಯಾತಕ್ಕೆ ಬೇಕು ಎನ್ನುತ್ತೀರಿ, ಹಿಂದಿನ ಸಾಲ ತೀರಿದೆಯೇ ಎಂದು ಪುಸ್ತಕ ತೆಗೆದು ನೋಡುತ್ತೀರಿ, ಜಾಮೀನು ಯಾರು ಎಂದು ಕೇಳುತ್ತೀರಿ. ಹುಡುಗಿಯನ್ನು ಕೊಡುವಾಗ ಮಾತ್ರ ಹಿಂದಿನ ಲೆಕ್ಕ ಕೇಳುವುದಿಲ್ಲ. ಗಂಡು ಯಾವ ಜಾಮೀನಿನ ಮೇಲಿದ್ದಾನೆ ಎಂದೂ ಕೇಳುವುದಿಲ್ಲ.

ಇನ್ನು ಮುಂದೆ ನಿಮ್ಮ ಬೀದಿಗೆ ಎರಡನೇ ಸಂಬಂಧ ಬಂದರೆ ಸಂಘದಿಂದಲೇ ಇಷ್ಟು ವಿಚಾರಿಸಿ. ಮೊದಲನೆಯವಳು ಸತ್ತಿದ್ದರೆ ಯಾವಾಗ, ಎಲ್ಲಿ, ಹೇಗೆ? ಮರಣ ಪತ್ರ ತೋರಿಸಲಿ, ಪೊಲೀಸ್ ಕೇಸು ಆಗಿತ್ತೇ ಎಂದು ಠಾಣೆಯಲ್ಲಿ, ಅಕ್ಕಪಕ್ಕದಲ್ಲಿ ಕೇಳಿ. ಇಬ್ಬರಾದರೂ ಅವಳ ತವರಿಗೆ ಹೋಗಿ ಬನ್ನಿ. ಬಿಟ್ಟಿದ್ದಾಳೆ ಎಂದರೆ ಕೋರ್ಟಿನ ವಿಚ್ಛೇದನದ ಆದೇಶ ನೋಡಿ, ಹಿರಿಯರು ಬರೆಸಿದ ಛಾಪಾ ಕಾಗದ ನಂಬಬೇಡಿ. ಮೊದಲ ಹೆಂಡತಿ ಬದುಕಿದ್ದು ವಿಚ್ಛೇದನ ಆಗಿರದಿದ್ದರೆ, 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ ಎರಡನೆಯದು ಮದುವೆಯೇ ಅಲ್ಲ. ಕೊನೆಯದಾಗಿ, ಹುಡುಗಿಯನ್ನೇ ಒಂಟಿಯಾಗಿ ಕೂರಿಸಿಕೊಂಡು ಕೇಳಿ. ಅವರಿಗೆ ಬೇಕಾಗಿರುವುದು ಹೆಂಡತಿಯೋ, ಸಂಬಳವಿಲ್ಲದ ಆಯಾಳೋ?

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಆರನೇ ಕಲಮಿನ ಪ್ರಕಾರ, ವರದಕ್ಷಿಣೆಯಾಗಿ ಯಾರ ಕೈಗೆ ಏನು ಹೋಗಿದ್ದರೂ ಅದು ಹೆಣ್ಣಿಗೆ ಸೇರಬೇಕು. ಮದುವೆಯಾದ ಏಳು ವರ್ಷದೊಳಗೆ ಸಹಜವಲ್ಲದ ಕಾರಣದಿಂದ ಅವಳು ಸತ್ತರೆ, ಅದು ಅವಳ ಮಕ್ಕಳಿಗೆ, ಮಕ್ಕಳಿಲ್ಲದಿದ್ದರೆ ಅವಳ ತಂದೆತಾಯಿಗೆ ಹೋಗಬೇಕು. ಗಂಡನಿಗಲ್ಲ. 1986ರ ತಿದ್ದುಪಡಿಯಲ್ಲಿ ಬಂದದ್ದು ಇದು. ಮದುವೆಯ ದಿನ ಆ ಒಡವೆಯನ್ನೇ ನಿಮ್ಮ ಹುಡುಗಿಗೆ ತೊಡಿಸಲು ಬಂದರೆ, ಇದು ಯಾರದು ಎಂದು ಕೇಳಿ. ವರದಕ್ಷಿಣೆ ಸಾವಿಗೆ ಮೊದಲು 304-ಬಿ, ಕ್ರೌರ್ಯಕ್ಕೆ 498-ಎ ಎನ್ನುತ್ತಿದ್ದೆವು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 80 ಮತ್ತು 85ನೇ ಕಲಮುಗಳು. ನಂಬರು ಬದಲಾಗಿದೆ, ಅಪರಾಧ ಅದೇ.

ಮೊಮ್ಮಗಳಿಗೆ ಪುಸ್ತಕ ಹಿಂದಿರುಗಿಸುವಾಗ, "ಹೇಗಿತ್ತು ಅಜ್ಜಿ?" ಎಂದಳು. "ಓದು ಮಗಳೇ, ಪ್ರೀತಿಯೂ ಮಾಡು. ಆದರೆ ಆ ಮಗುವಿನ ತಾಯಿ ಏನಾದಳು ಅಂತ ಕೇಳಿದ ಮೇಲೆ ಮುಂದಿನ ಪುಟ ತಿರುಗಿಸು" ಎಂದೆ. ನಿಮಗೂ ಅದನ್ನೇ ಹೇಳಿ ನನ್ನ ಮಾತು ಮುಗಿಸುತ್ತೇನೆ. ಸತ್ತವಳು ಬಂದು ತನ್ನ ಕಥೆ ಹೇಳಲಾರಳು. ಬದುಕಿರುವ ನಾವು ಕೇಳಿದರೆ ಮಾತ್ರ, ಎರಡನೆಯವಳಾದರೂ ಉಳಿದಾಳು.